ಕಣ್ಣಾಸ್ಪತ್ರೆಯ ಗೋಡೆಗಳು ಮಾಯವಾದದ್ದು

ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆದರೆ ಕಣ್ಣಾಸ್ಪತ್ರೆಯೇ ಇಲ್ಲ! ಹಿಂದಿನ ಸಂಜೆಯಷ್ಟೇ ಮುಗಿಸಿಟ್ಟು ಹೋಗಿದ್ದ ಎರಡಂತಸ್ತಿನ ಆಸ್ಪತ್ರೆಯ ನಕ್ಷೆ. ಫೈಲೇನೋ ತೆರೆಯಿತು, ಪರದೆ ಮಾತ್ರ ಕಗ್ಗತ್ತಲು. ಗೆರೆಯಪ್ಪ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು ಪಾಪ, ಕಟ್ಟಡಗಳ ಗೆರೆ ಎಳೆದೂ ಎಳೆದೂ ಆ ಆಫೀಸಿನಲ್ಲಿ ಅವನು ಗೆರೆಯಪ್ಪನೇ ಆಗಿಹೋಗಿದ್ದ.

ಬೇರೆ ದಿನವಾಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಆಫೀಸಿನ ಯಜಮಾನರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ನಾಲ್ಕು ಗಂಟೆಗೆ ಡಾಕ್ಟರ ಕೈಗೆ ಪ್ರಿಂಟು ಹೋದ್ರೆ ನಾಳೆಯಿಂದ ನಿನಗೆ ಒಂದು ವಾರ ರಜೆ. ಹೋಗ್ಲಿಲ್ವೋ, ರಜೆ ಮಾತೇ ಎತ್ಬೇಡ." ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮದುವೆಯಾದಾಗ ಕೊಟ್ಟ ಮಾತು. ಪ್ರತಿ ಸಲವೂ ಯಾವುದಾದರೊಂದು ಕಟ್ಟಡ ಅಡ್ಡ ಬರುತ್ತಿತ್ತು. ಈ ಸಲ ಅವಳು ಬ್ಯಾಗು ತುಂಬಿ ಬಾಗಿಲ ಹತ್ತಿರ ಇಟ್ಟಾಗಿತ್ತು.

"ಏನಯ್ಯಾ, ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ?" ಪಕ್ಕದ ಮೇಜಿನಿಂದ ಲೆಕ್ಕ ನೋಡುವ ಅಕ್ಕ ಎದ್ದು ಬಂದಳು.

"ನಕ್ಷೆ ಕಾಣ್ತಿಲ್ಲ ಅಕ್ಕಾ."

"ಇನ್ನೊಂದು ಪ್ರತಿ ಇಟ್ಕೊಂಡಿಲ್ವಾ?"

"ನಾಳೆಯಿಂದ ಇಟ್ಕೋಬೇಕು ಅಂತ ದಿನಾ ಅಂದ್ಕೊಳ್ತೀನಿ."

"ಹಾಗಾದ್ರೆ ಆಫ್ ಮಾಡಿ ಆನ್ ಮಾಡು. ನಮ್ಮನೇಲಿ ಅದಕ್ಕೂ ಬಗ್ಗದಿದ್ರೆ ತಲೆ ಮೇಲೊಂದು ಕೊಡ್ತೀವಿ."

"ಯಾರ ತಲೆ ಮೇಲೆ?"

"ಟಿವಿ ತಲೆ ಕಣಯ್ಯಾ, ಇನ್ಯಾರದ್ದು!"

ಆಫ್ ಆಯಿತು, ಆನ್ ಆಯಿತು, ಕತ್ತಲು ಹಾಗೇ ಇತ್ತು. ಅಷ್ಟರಲ್ಲಿ ಸೈಟ್ ಎಂಜಿನಿಯರ್ ಮೈತುಂಬ ಧೂಳು ಮೆತ್ತಿಕೊಂಡು ಒಳಗೆ ಬಂದ. ಎಲ್ಲರೂ ಸಿಮೆಂಟಣ್ಣ ಎನ್ನುತ್ತಿದ್ದದ್ದು ಇವನಿಗೇ. "ಜರುಗು, ನಾನು ನೋಡ್ತೀನಿ" ಅಂದ.

"ನಿಮಗೆ ಈ ಸಾಫ್ಟ್‌ವೇರ್ ಬರುತ್ತಾ?"

"ಇಲ್ಲಪ್ಪ. ಕಟ್ಟಡ ಬರುತ್ತಲ್ಲ, ಸಾಕು."

ಗೆರೆಯಪ್ಪ ಕುರ್ಚಿ ಬಿಡಲಿಲ್ಲ. ಇಡೀ ನಕ್ಷೆ ಒಟ್ಟಿಗೆ ಕಾಣುವಂತೆ ಮಾಡಿದ. ಅಬ್ಬಾ, ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಏನೋ ಕಂಡಿತು. ಅದೇ ಆಸ್ಪತ್ರೆ! ಅಳೆದು ನೋಡಿದರೆ, ಅಲ್ಲಿಂದ ಮೂರು ಊರು ದಾಟಿದಷ್ಟು ದೂರದಲ್ಲಿ ಒಂದು ಒಂಟಿ ಗೆರೆ ಬಿದ್ದುಕೊಂಡಿತ್ತು. ಅದನ್ನೂ ಸೇರಿಸಿ ತೋರಿಸಲು ಹೋಗಿ ಪರದೆ ಆಸ್ಪತ್ರೆಯನ್ನು ಕುಗ್ಗಿಸಿಬಿಟ್ಟಿತ್ತು.

"ಇದು ನಾನು ಎಳೆದಿದ್ದಲ್ಲ!"

"ಮತ್ತೆ ತಾನಾಗೇ ಹುಟ್ಟಿತಾ? ವೈರಸ್ಸು, ಬೇರೇನಲ್ಲ" ಎಂದ ಸಿಮೆಂಟಣ್ಣ.

ಗೆರೆಯಪ್ಪ ಆ ಗೆರೆ ಅಳಿಸಿದ. ಆಸ್ಪತ್ರೆ ಪರದೆ ತುಂಬಿತು, ಆದರೆ ಗೋಡೆಗಳಿರಲಿಲ್ಲ. ಬಾಗಿಲು ಕಿಟಕಿಗಳೆಲ್ಲ ಗಾಳಿಯಲ್ಲಿ ನಿಂತಿದ್ದವು. ನಕ್ಷೆಯಲ್ಲಿ ಗೋಡೆಗೊಂದು, ಬಾಗಿಲಿಗೊಂದು ಅಂತ ಬೇರೆ ಬೇರೆ ಪದರಗಳಿರುತ್ತವೆ. ಗೋಡೆಯ ಪದರವನ್ನು ಯಾವನೋ ಪುಣ್ಯಾತ್ಮ ದೀಪದ ಹಾಗೆ ಆರಿಸಿಬಿಟ್ಟಿದ್ದ. ಗೆರೆಯಪ್ಪ ಅದನ್ನು ಹಚ್ಚಿದ. ಗೋಡೆಗಳು ಬಂದವು, ನೋಡಿದರೆ ಕೋಣೆಗಳ ಹೆಸರಿದ್ದ ಕಡೆಯೆಲ್ಲ ಬರೀ ಪ್ರಶ್ನೆ ಚಿಹ್ನೆ.

"ಆಪರೇಷನ್ ಕೋಣೆ ಮೇಲೆ ಇಷ್ಟೊಂದು ಪ್ರಶ್ನೆ ಚಿಹ್ನೆ ನೋಡಿದ ರೋಗಿ ಒಳಗೆ ಕಾಲಿಡ್ತಾನಾ?" ಅಕ್ಕ ಬಿದ್ದು ಬಿದ್ದು ನಕ್ಕಳು.

ಅಕ್ಷರಶೈಲಿ ಬದಲಾಗಿತ್ತು. ಅದನ್ನೂ ಸರಿಪಡಿಸಿ, ಇನ್ನೇನು ಉಳಿಸಬೇಕು, ಸಿಮೆಂಟಣ್ಣನ ಬೂಟಿಗೆ ಕರೆಂಟಿನ ವೈರು ಸಿಕ್ಕಿ ಕಿತ್ತುಬಂದು ಕಂಪ್ಯೂಟರ್ ಸತ್ತುಹೋಯಿತು. ಮತ್ತೆ ಕತ್ತಲು, ಮತ್ತೆ ಸಾಸಿವೆ ಕಾಳು, ಎಲ್ಲ ಮೊದಲಿಂದ. ಗೆರೆಯಪ್ಪನಿಗೆ ಅಳುವೇ ಬಂತು. ಆಗಲೇ ಹೆಂಡತಿಯ ಫೋನು.

"ರೀ, ನಿಮ್ಮ ಟೋಪಿ ಎಲ್ಲಿಟ್ಟಿದ್ದೀರಿ? ಬಿಸಿಲಿರುತ್ತೆ ಅಲ್ಲಿ."

"ಈಗ ಬೇಡ ಕಣೇ, ಕೈ ತುಂಬ ಕೆಲಸ."

"ಈ ಸಲ ಏನಾದ್ರೂ ಕಟ್ಟಡದ ಕತೆ ಹೇಳಿದ್ರೋ, ಆ ಕಟ್ಟಡದಲ್ಲೇ ಇರಿ. ಮನೆಗೆ ಬರ್ಬೇಡಿ."

ಗೆರೆಯಪ್ಪ ಬೆವರು ಒರೆಸಿಕೊಂಡು, ಎಲ್ಲವನ್ನೂ ಮತ್ತೆ ಸರಿಪಡಿಸಿ ಉಳಿಸಿ, ಪ್ರಿಂಟು ಕೊಟ್ಟ. ಮೊದಲನೆಯದರಲ್ಲಿ ಅಷ್ಟಗಲ ಹಾಳೆಯ ನಡುವೆ ಅಂಚೆಚೀಟಿಯಷ್ಟು ಆಸ್ಪತ್ರೆ ಬಂತು. ಅಳತೆ ಇಂಚಿನಿಂದ ಮಿಲಿಮೀಟರಿಗೆ ಹಾರಿತ್ತು. "ದೊಡ್ಡದು ಮಾಡಿದ್ರಾಯ್ತಪ್ಪ" ಎಂದು ಸಿಮೆಂಟಣ್ಣ ಏನನ್ನೋ ಒತ್ತಿಯೇಬಿಟ್ಟ. ಪ್ರಿಂಟರ್ ಮಾರುದ್ದ ಕಾಗದ ಉಗುಳತೊಡಗಿತು. ಅದರ ತುಂಬ ಒಂದೇ ಒಂದು ಕಕ್ಕಸಿನ ಬಾಗಿಲು. ಅಕ್ಕ ಅವನ ರಟ್ಟೆ ಹಿಡಿದು ಆಚೆಗೆ ಎಳೆದೊಯ್ದಳು. ಆಮೇಲೆ ಎಲ್ಲ ಸುಸೂತ್ರವಾಯಿತು. ಡಾಕ್ಟರ ಕಡೆಯವರು ನಾಲ್ಕಕ್ಕೆ ಸರಿಯಾಗಿ ಬಂದು ಸುರುಳಿ ಒಯ್ದರು.

ಗೆರೆಯಪ್ಪ ಎದೆಯುಬ್ಬಿಸಿಕೊಂಡು ಯಜಮಾನರ ಕೋಣೆಗೆ ಹೋದ. ಅವರು ಎದ್ದು ಬಂದು ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ ಕೇಳಿದರು: "ಗೋಡೆ ವಾಪಸ್ ಬಂತಾ?"

"ಬಂತು ಸಾರ್" ಅಂದವನು ತಡೆದು ನಿಂತ. "ಗೋಡೆ ಹೋಗಿದ್ದು ನಿಮಗೆ ಹೇಗೆ ಗೊತ್ತು?"

ಯಜಮಾನರು ಪೆನ್ಸಿಲಿನಲ್ಲೇ ತಲೆ ನರೆಸಿಕೊಂಡವರು, ಮೌಸು ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಈಗ ಅವರ ಕಿವಿ ಕೆಂಪಾಯಿತು. "ನಿನ್ನೆ ನೀನು ಹೋದ್ಮೇಲೆ ಕಲಿಯೋಣ ಅಂತ ಕೂತೆ ಕಣಯ್ಯಾ. ಒಂದು ಗೆರೆ ಎಳೆದೆ, ಎಲ್ಲಿಗೋ ಓಡಿಹೋಯ್ತು. ಹುಡುಕ್ತಾ ಹುಡುಕ್ತಾ ಗೋಡೆ ಹೋಯ್ತು. ಸರಿ ಮಾಡೋಕೆ ಹೋದೆ, ಅಕ್ಷರನೂ ಹೋಯ್ತು. ಹೆದರಿ ಮುಚ್ಚೋಕೆ ಹೋದ್ರೆ, ಉಳಿಸ್ಲಾ ಅಂತ ಕೇಳ್ತು. ಪಾಪ, ಅಷ್ಟು ಮರ್ಯಾದೆಯಿಂದ ಕೇಳ್ತಿದೆಯಲ್ಲ ಅಂತ ಹೂಂ ಅಂದೆ."

ಯಜಮಾನರು ಗೆರೆಯಪ್ಪನ ಬೆನ್ನು ತಟ್ಟಿದರು.

"ನಾನು ಮಾಡಿದ ಅಷ್ಟೂ ಅವಾಂತರ ಒಂದೇ ದಿನದಲ್ಲಿ ಸರಿ ಮಾಡಿದೀಯ. ನನಗೆ ಕಲಿಸೋಕೆ ನೀನೇ ಸರಿ."

"ಸಾರ್, ನನ್ನ ರಜೆ..."

"ಛೆ ಛೆ, ರಜೆ ಕಿತ್ಕೊಳ್ತೀನಾ? ಮಾತು ಅಂದ್ರೆ ಮಾತು. ಇಲ್ಲಿ ಕಲಿತರೆ ಇವರೆಲ್ಲ ನಗ್ತಾರೆ. ಅದಕ್ಕೇ ನಾನೂ ನಿಮ್ಮ ಜೊತೆ ಬಂದ್ಬಿಡ್ತೀನಿ. ಬೆಳಿಗ್ಗೆ ಪಾಠ, ಸಂಜೆ ಪಾಠ. ಮಧ್ಯೆ ಬಿಡುವಾದ್ರೆ ಸಮುದ್ರ."

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ರೀ, ರಜೆ ಸಿಕ್ತಾ?"

"ಸಿಕ್ತು ಕಣೇ..." ಮುಂದಿನದನ್ನು ಎಲ್ಲಿಂದ ಶುರುಮಾಡುವುದೆಂದು ಗೆರೆಯಪ್ಪ ಒದ್ದಾಡುತ್ತಿರುವಾಗ ಯಜಮಾನರು ಫೋನಿನ ಹತ್ತಿರ ಬಗ್ಗಿದರು.

"ಮನೆಯವರಾ? ಕಿಟಕಿ ಪಕ್ಕದ ಸೀಟು ನನಗೆ ಅಂತ ಈಗ್ಲೇ ಹೇಳಿಬಿಡು."