ಪೆ ತೌಂಗನ ಎಚ್ಚರ, ಸೇನ್ ಮೇಯ ಬಾಣಲೆ

ಧ್ಯಾನಕೇಂದ್ರದ ಗೇಟು ದಾಟಿ ಬೀದಿಗೆ ಕಾಲಿಟ್ಟ ಗಳಿಗೆಯಲ್ಲೇ ಪೆ ತೌಂಗ ಶಪಥ ಮಾಡಿಬಿಟ್ಟ: ಇನ್ನು ಮುಂದೆ ತನ್ನ ಬದುಕಿನಲ್ಲಿ ಅರಿವಿಲ್ಲದೆ ಒಂದು ಸೀನು ಕೂಡ ಬರಕೂಡದು!

ಹತ್ತು ದಿನ ಕೂತು, ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಚೌಕಿದಾರನಂತೆ ಕಾದು ಬಂದವನಿಗೆ ಬರ್ಮಾದ ಮಂಡಾಲೆಯ ಬೀದಿಯಲ್ಲಿ ಕಂಡದ್ದೇನು? ಊರಿಗೆ ಊರೇ ನಿದ್ದೆಯಲ್ಲಿ ಓಡಾಡುತ್ತಿದೆ! ಮೊಪೆಡ್ ಓಡಿಸುವವರು ನಿದ್ದೆಯಲ್ಲಿ, ಎಲೆಅಡಿಕೆ ಉಗಿಯುವವರು ನಿದ್ದೆಯಲ್ಲಿ. ಪೂರ್ತಿ ಎಚ್ಚರವಾಗಿದ್ದವರು ಇಬ್ಬರೇ. ಒಬ್ಬರು ಕೇಂದ್ರದ ಸಯಾಡೊ, ಅಂದರೆ ಹಿರಿಯ ಗುರುಗಳು. ಇನ್ನೊಬ್ಬ, ಹೇಳಿಕೊಳ್ಳಲು ಸಂಕೋಚವಾದರೂ, ಪೆ ತೌಂಗ.

ಹನ್ನೊಂದು ದಿನದ ಹಿಂದೆ ಇದೇ ಮಹಾನುಭಾವ ಕೂತಲ್ಲಿ ಕೂರದ ಪ್ರಾಣಿಯಾಗಿದ್ದ. ಮೂವತ್ತು ವರ್ಷ ಹೊಲಿಗೆ ಮಿಷನ್ ರಿಪೇರಿ ಮಾಡಿ ಅವನ ಬಲಗಾಲು ಮಿಷನ್ ಇಲ್ಲದ ಕಡೆಯೂ ತುಳಿಯುತ್ತಿತ್ತು. ಟೀ ಅಂಗಡಿಯಲ್ಲಿ ಅವನು ಬೆಂಚಿನ ಮೇಲೆ ಕೂತರೆ ಮಿಕ್ಕವರು ಟೀಯನ್ನು ತಟ್ಟೆಯಿಂದಲೇ ಕುಡಿಯಬೇಕಿತ್ತು; ಲೋಟದಲ್ಲಿ ಉಳಿದರಲ್ಲವೇ! ಕೊನೆಗೆ ಹೆಂಡತಿ ಸೇನ್ ಮೇಯೇ ಅವನ ಚೀಲ ಕಟ್ಟಿ ಬಾಗಿಲಲ್ಲಿಟ್ಟಿದ್ದಳು.

"ಹತ್ತು ದಿನ ಹೋಗಿ ಕೂತು ಬನ್ನಿ. ನಿಮಗೆ ನಿರ್ವಾಣ ಸಿಗದಿದ್ರೂ ಪರವಾಗಿಲ್ಲ. ನನಗೆ ಹತ್ತು ದಿನ ಸಿಗತ್ತಲ್ಲ, ಅಷ್ಟು ಸಾಕು."

ಕೇಂದ್ರದ ಪದ್ಧತಿ ಸರಳ. ಏನು ನಡೆಯುತ್ತಿದೆಯೋ ಅದಕ್ಕೆ ಮನಸ್ಸಿನಲ್ಲೇ ಒಂದು ಹೆಸರಿಟ್ಟು ಗಮನಿಸುವುದು. ಕಾಲೆತ್ತಿದರೆ ‘ಎತ್ತುತ್ತಿದ್ದೇನೆ’. ಇಟ್ಟರೆ ‘ಇಡುತ್ತಿದ್ದೇನೆ’. ಬೆನ್ನು ಕಡಿದರೆ ‘ತುರಿಕೆ, ತುರಿಕೆ’. ಒಳ್ಳೆಯದು ಕೆಟ್ಟದು ಎಂದು ಅಳೆಯುವ ಹಾಗಿಲ್ಲ. ಮನಸ್ಸಿನಲ್ಲೇ ಹೇಳಿಕೊಳ್ಳಿ ಎಂದು ಗುರುಗಳು ಒತ್ತಿ ಹೇಳಿದ್ದರು. ಪೆ ತೌಂಗ ಮಾತ್ರ ತುಸು ಜೋರಾಗಿಯೇ ಹೇಳುತ್ತಿದ್ದ, ಪಕ್ಕದವರಿಗೂ ಒಂದಿಷ್ಟು ಪುಣ್ಯ ಬರಲಿ ಎಂದು. ಹತ್ತನೆಯ ದಿನ ಅವನು ಒಂದು ಗಂಟೆ ಅಲ್ಲಾಡದೆ ಕೂತದ್ದನ್ನು ನೋಡಿ ಗುರುಗಳು "ಪರವಾಗಿಲ್ಲ" ಅಂದಿದ್ದರು. ಆ ಒಂದು ಮಾತನ್ನು ಅವನು ಪದವಿಪತ್ರದಂತೆ ಎದೆಯಲ್ಲಿ ಮಡಿಸಿಟ್ಟುಕೊಂಡು ಬಂದ.

ಮನೆಯಲ್ಲಿ ಮೊದಲ ಬೆಳಿಗ್ಗೆ ಸೇನ್ ಮೇ ಬಿಸಿಬಿಸಿ ಮೊಹಿಂಗಾ ಬಡಿಸಿದಳು. ಮೀನಿನ ಸಾರು, ಅದರಲ್ಲಿ ಅಕ್ಕಿ ಶಾವಿಗೆ. ಪೆ ತೌಂಗನ ಕೈ ಚಮಚದ ಕಡೆ ಹೊರಟಿತು, ಎತ್ತಿನಗಾಡಿ ಹೊರಟ ಹಾಗೆ.

"ಚಾಚುತ್ತಿದ್ದೇನೆ... ಹಿಡಿಯುತ್ತಿದ್ದೇನೆ... ಎತ್ತುತ್ತಿದ್ದೇನೆ..."

"ಏನ್ರೀ ಅದು?"

"ಕೇಳಿಸುತ್ತಿದೆ, ಕೇಳಿಸುತ್ತಿದೆ."

"ಕೇಳಿಸ್ತಿದ್ರೆ ಉತ್ತರ ಕೊಡಿ!"

"ಊಟ ಮಾಡೋದು ಹೇಗೆ ಅಂತ ಈ ಐವತ್ನಾಲ್ಕು ವರ್ಷದಲ್ಲಿ ಇವತ್ತೇ ನನಗೆ ಗೊತ್ತಾಗಿದ್ದು ಕಣೇ. ಒಂದೊಂದು ತುತ್ತನ್ನೂ ನಲವತ್ತು ಸಲ ಅಗೀಬೇಕು."

"ಅಗೀರಿ. ಆದ್ರೆ ಸ್ವಲ್ಪ ಬೇಗ ಬಾಯಿಗೆ ಹಾಕ್ಕೊಳಿ. ನೀವು ಮಾಡೋ ನಿಧಾನಕ್ಕೆ ಆ ಮೀನಿಗೆ ಮತ್ತೆ ಜೀವ ಬಂದು ಐರಾವತಿ ನದಿಗೆ ವಾಪಸ್ ಹೋಗತ್ತೆ!"

ಅಂಗಡಿಯಲ್ಲೂ ಇದೇ ಕಥೆ. ಒಂದು ತಿರುಪು ಬಿಚ್ಚಲು ಹದಿನೈದು ನಿಮಿಷ. ಮಿಷನ್ ತಂದಿದ್ದ ದರ್ಜಿಯಮ್ಮ ಸ್ಟೂಲಿನ ಮೇಲೆ ಕೂತು ನೋಡಿದಳು, ನಿಂತು ನೋಡಿದಳು. ಕೊನೆಗೆ ಕೈಮುಗಿದಳು. "ಅಣ್ಣಾ, ನಾನು ಹೊಲೀಬೇಕಾಗಿರೋದು ಮದುವೆ ಬಟ್ಟೆ. ನೀವು ಹೀಗೆ ಬಿಚ್ತಾ ಕೂತ್ರೆ ಆ ಮದುಮಕ್ಕಳ ಮೊಮ್ಮಗೂಗೆ ಅಂಗಿ ಹೊಲೀಬೇಕಾಗತ್ತೆ."

ಪೆ ತೌಂಗ ಮುಗುಳ್ನಕ್ಕ. ಪಾಪ, ನಿದ್ದೆಯಲ್ಲಿದ್ದಾಳೆ!

ಒಳಗಿನ ನಿಜ ಸಂಗತಿ ಬೇರೆಯೇ ಇತ್ತು. ಕೈ ಆಮೆಯಾದರೂ ಮನಸ್ಸು ಹಳೆಯ ಕೋತಿಯೇ. ‘ತಿರುಗಿಸುತ್ತಿದ್ದೇನೆ’ ಎಂದು ಬಾಯಿ ಹೇಳುವಷ್ಟರಲ್ಲಿ ಅದು ಹತ್ತು ಕಡೆ ಹೋಗಿ ಬರುತ್ತಿತ್ತು. ನಾನು ಎಷ್ಟು ಶಾಂತವಾಗಿದ್ದೇನೆ ಎಂದು ಆಚೆ ಅಂಗಡಿಯವನು ನೋಡಿದನೇ? ಟೀ ಅಂಗಡಿಯಲ್ಲಿ ಈ ಸುದ್ದಿ ಬಂತೇ? ತನ್ನ ನೆಮ್ಮದಿ ನಾಲ್ಕು ಜನರ ಕಣ್ಣಿಗೆ ಬೀಳುತ್ತಿಲ್ಲವಲ್ಲ ಎಂದು ಅವನಿಗೆ ತಡೆಯಲಾರದ ಚಡಪಡಿಕೆ!

ಹೀಗಿರುವಾಗ ತಬೋಡ್ವೆ ತಿಂಗಳ ಹುಣ್ಣಿಮೆ ಬಂತು. ಬಂತೆಂದರೆ ಥಮನೆ ಸ್ಪರ್ಧೆಯೂ ಬಂತು.

ಥಮನೆ ಅಂದರೆ ಅಂಟಕ್ಕಿಗೆ ಎಣ್ಣೆ, ಶುಂಠಿ, ತೆಂಗಿನಕಾಯಿ, ಕಡಲೆಕಾಯಿ, ಎಳ್ಳು ಸೇರಿಸಿ ಮಾಡುವ ಹುಣ್ಣಿಮೆಯ ತಿನಿಸು. ಮಾಡುವುದು ಆಳು ಕೂತು ಮೀಯಬಹುದಾದಷ್ಟು ದೊಡ್ಡ ಕಬ್ಬಿಣದ ಬಾಣಲೆಯಲ್ಲಿ. ಹೆಚ್ಚುವುದು, ಹುರಿಯುವುದು, ಹದ ನೋಡುವುದು ಹೆಂಗಸರ ಪಾಲು. ಕಲಕುವುದು ಗಂಡಸರದು. ಅಕ್ಕಿ ನೀರು ಹೀರಿಕೊಂಡ ಮೇಲೆ ಇಬ್ಬರು ಎದುರುಬದುರು ನಿಂತು, ದೋಣಿಯ ಹುಟ್ಟಿನಷ್ಟುದ್ದದ ಮರದ ಸೌಟು ಹಿಡಿದು, ಒಬ್ಬ ಒತ್ತುವಾಗ ಇನ್ನೊಬ್ಬ ಮಗುಚಬೇಕು. ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿದರೂ ತಳ ಹಿಡಿಯುತ್ತದೆ. ಪಗೋಡದ ಬಯಲಿನಲ್ಲಿ ಏಳು ಕೇರಿಗಳ ಏಳು ಬಾಣಲೆ. ಸಂಜೆಯೊಳಗೆ ತೀರ್ಪು. ಮರುದಿನ ಬೆಳಕು ಹರಿಯುವಾಗ ಆಯಾ ಕೇರಿಯ ಥಮನೆ ಆಯಾ ಗುರುಗಳಿಗೆ ಅರ್ಪಣೆ.

ಪೆ ತೌಂಗನವರ ಹುಣಸೆಮರದ ಕೇರಿ ಮೂರು ವರ್ಷದಿಂದ ಕಡೆಯ ಸ್ಥಾನ ಬಿಟ್ಟುಕೊಟ್ಟಿರಲಿಲ್ಲ. ಹೋದ ವರ್ಷವಂತೂ ಗುರುಗಳಿಗೆ ಒಪ್ಪಿಸಲು ಯೋಗ್ಯವಾದ ಒಂದು ತುಂಡೂ ಉಳಿಯದೆ ಬಾಳೆಹಣ್ಣು ಕೊಟ್ಟು ಬಂದಿದ್ದರು. ಈ ವರ್ಷ ಮುಂದಾಳು ಸೇನ್ ಮೇ. "ಗುರುಗಳ ಮುಂದೆ ಈ ಸಲ ಬಾಳೆಹಣ್ಣು ಇಟ್ರೆ ನನ್ನ ಹೆಸರು ಬದಲಾಯಿಸಿ" ಎಂದು ಹೆಂಗಸರೆದುರು ಮಾತು ಕೊಟ್ಟಿದ್ದಳು. ಮೂರು ದಿನ ಎಳ್ಳು ಆರಿಸಿದ್ದಳು. ಶುಂಠಿ ಹೆಚ್ಚಿ ಹೆಚ್ಚಿ ಬೆರಳು ಉರಿಯುತ್ತಿತ್ತು. ಕಲಕಲು ಇಬ್ಬರು ಗಟ್ಟಿ ಆಳುಗಳನ್ನು ಗೊತ್ತು ಮಾಡಿದ್ದಳು. ಒಬ್ಬ ಗಾರೆ ಕೆಲಸದ ಫೋ ಲೋನ. ಇನ್ನೊಬ್ಬ ಹುಣ್ಣಿಮೆಯ ದಿನವೇ ಅಕ್ಕಿಮೂಟೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಮಲಗಿದ.

"ಹುಟ್ಟು ಹಿಡಿಯೋಕೆ ನಾನಿದ್ದೀನಲ್ಲ!" ಪೆ ತೌಂಗ ಎದ್ದು ನಿಂತ. ಅವನ ಕಣ್ಣಿಗೆ ಕಂಡದ್ದು ಬಯಲು ತುಂಬಿದ ಜನ, ಮಧ್ಯದಲ್ಲಿ ಪ್ರಶಾಂತ ಮೂರ್ತಿಯಾಗಿ ತಾನು.

"ನೀವಾ?" ಸೇನ್ ಮೇ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಮನೇಲಿ ಯಾವತ್ತಾದ್ರೂ ಟೀ ಕಲಕಿದ್ದೀರಾ?"

"ಶಕ್ತಿ ಮುಖ್ಯ ಅಲ್ಲ ಸೇನ್ ಮೇ. ಗಮನ ಮುಖ್ಯ. ಪೂರ್ತಿ ಎಚ್ಚರದಿಂದ ಕಲಕಿದ ಥಮನೆ ಈ ಮಂಡಾಲೆಯಲ್ಲಿ ಇವತ್ತಿನವರೆಗೆ ಯಾರೂ ತಿಂದಿಲ್ಲ."

ಬೇರೆ ಆಳು ಹುಡುಕಲು ಹೊತ್ತಿರಲಿಲ್ಲ. ಅವಳು ಅವನ ಮುಂಗೈ ಹಿಡಿದುಕೊಂಡಳು. "ನೋಡಿ, ತಳ ಹಿಡೀಬಾರ್ದು. ಅಷ್ಟೇ. ಬೇರೇನೂ ಬೇಡ. ತಳ ಹಿಡೀಬಾರ್ದು."

ಡೋಲು ಶುರುವಾಯಿತು. ಆರು ಬಾಣಲೆಗಳಲ್ಲಿ ಹನ್ನೆರಡು ಹುಟ್ಟುಗಳು ಧಡಧಡ ಓಡಿದವು. ಏಳನೆಯದರಲ್ಲಿ ಫೋ ಲೋನನ ಹುಟ್ಟು ಒತ್ತಿತು, ಕಾಯಿತು. ಎದುರಿನ ಹುಟ್ಟು ಇನ್ನೂ ಆಕಾಶದಲ್ಲೇ ಇತ್ತು.

"ಎತ್ತುತ್ತಿದ್ದೇನೆ..." ಪೆ ತೌಂಗನ ಕಣ್ಣು ಅರ್ಧ ಮುಚ್ಚಿತ್ತು. "ಇಳಿಸುತ್ತಿದ್ದೇನೆ... ತಾಗುತ್ತಿದೆ..."

"ಅಣ್ಣಾ, ಬೇಗ!"

"ಅವಸರ, ಅವಸರ," ಎಂದು ಪೆ ತೌಂಗ ಫೋ ಲೋನನಿಗೂ ಒಂದು ಹೆಸರಿಟ್ಟು ಗಮನಿಸಿದ.

ಜನ ನಗಲು ಶುರುಮಾಡಿದರು. ಧ್ವನಿವರ್ಧಕ ಹಿಡಿದ ನಿರೂಪಕ ಇದಕ್ಕೇ ಕಾದಿದ್ದವನಂತೆ ಓಡಿಬಂದ. "ನೋಡಿ ಬಂಧುಗಳೇ, ಹುಣಸೆಮರದ ಕೇರಿಯವರು! ಬರುವ ವರ್ಷದ ಥಮನೆಯನ್ನು ಈಗಲೇ ಶುರುಮಾಡಿದ್ದಾರೆ!"

ಜನ ನೋಡುತ್ತಿದ್ದಾರೆ! ಪೆ ತೌಂಗನ ಎದೆ ಹಿಗ್ಗಿತು. ಅವನು ಇನ್ನೂ ನಿಧಾನ ಮಾಡಿದ. ಅಷ್ಟರಲ್ಲಿ ಮೂಗಿಗೆ ಏನೋ ಬಂತು. ಅವನ ಎಚ್ಚರವೇನು ಸಾಮಾನ್ಯವೇ! ಇಡೀ ಬಯಲಿನಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಹಿಡಿದವನು ಅವನೇ.

"ವಾಸನೆ... ವಾಸನೆ..."

ತೆಂಗಿನತುರಿ ತರಲು ಹೋಗಿದ್ದ ಸೇನ್ ಮೇ ತಿರುಗಿದಳು. "ಏನು ವಾಸನೆ ರೀ?"

"ಬರೀ ವಾಸನೆ."

"ಯಾವ ವಾಸನೆ? ಸೀದಿದ್ದಾ?"

"ಸೀದಿದ್ದು, ಸೀಯದೇ ಇರೋದು ಅನ್ನೋದೆಲ್ಲ ನಮ್ಮ ಮನಸ್ಸಿನ ತೀರ್ಪು ಕಣೇ. ಅದು ಬರುತ್ತೆ, ಇರುತ್ತೆ, ಹೋಗುತ್ತೆ. ನಾವು ಸುಮ್ಮನೆ ನೋಡ್ತಿರಬೇಕು."

"ಅಯ್ಯೋ ನಿಮ್ಮ ಮನೆ ಹಾಳಾಗ!" ಎಂದಳು ಸೇನ್ ಮೇ, ಆ ಮನೆಯಲ್ಲಿ ತಾನೂ ಇದ್ದೇನೆ ಎಂಬುದನ್ನು ಮರೆತು.

ಅದೇ ಹೊತ್ತಿಗೆ ಎರಡನೆಯ ಘಟನೆ ನಡೆಯುತ್ತಿತ್ತು. ಲುಂಗಿಯ ಗಂಟನ್ನು ದಿನಕ್ಕೆ ಹತ್ತು ಸಲ ಬಿಚ್ಚಿ ಬಿಗಿಯುವುದು ಬರ್ಮೀ ಗಂಡಸಿನ ಹುಟ್ಟುಗುಣ. ತಲೆಗೆ ಗೊತ್ತಾಗುವ ಮೊದಲೇ ಕೈ ಆ ಕೆಲಸ ಮುಗಿಸಿರುತ್ತದೆ. ಆದರೆ ಅರಿವಿಲ್ಲದೆ ಏನನ್ನೂ ಮಾಡುವುದಿಲ್ಲ ಎಂದು ಶಪಥ ಮಾಡಿದವನ ಕೈ ಅಪ್ಪಣೆಗಾಗಿ ಕಾಯುತ್ತಿತ್ತು. ಅಪ್ಪಣೆ ಕೊಡಬೇಕಾದವನು ಗಮನಿಸುವುದರಲ್ಲಿ ಮುಳುಗಿದ್ದ.

"ಸಡಿಲವಾಗುತ್ತಿದೆ..." ಎಂದ ಪೆ ತೌಂಗ.

"ಏನು?" ಎಂದ ಫೋ ಲೋನ, ಬೆವರು ಒರೆಸಿಕೊಳ್ಳುತ್ತ.

"ಸಡಿಲವಾಗುತ್ತಿದೆ... ಜಾರುತ್ತಿದೆ..."

"ಅಣ್ಣಾ! ಹಿಡ್ಕೊಳಿ!"

"ತಂಪು... ತಂಪು..."

ಪುಣ್ಯಕ್ಕೆ ಒಳಗೆ ಚಡ್ಡಿಯಿತ್ತು. ಪಾಪಕ್ಕೆ ಅದು ಎಂಥ ಚಡ್ಡಿ! ರಿಪೇರಿಯಾದ ಮಿಷನ್ ಸರಿಯಾಗಿ ಹೊಲಿಯುತ್ತದೆಯೇ ಎಂದು ನೋಡಲು ಕೈಗೆ ಸಿಕ್ಕ ತುಂಡುಬಟ್ಟೆಗಳನ್ನೆಲ್ಲ ಜೋಡಿಸಿ ಅಂಗಡಿಯಲ್ಲೇ ಹೊಲಿದದ್ದು. ಎಡಗಾಲು ಮದುಮಗಳ ಗುಲಾಬಿ ರೇಷ್ಮೆ. ಬಲಗಾಲು ಸೂರ್ಯಕಾಂತಿಯ ಪರದೆ ಬಟ್ಟೆ.

"ಬಂಧುಗಳೇ," ಧ್ವನಿವರ್ಧಕ ಗದ್ಗದಿಸಿತು, "ಹುಣಸೆಮರದ ಕೇರಿಯಲ್ಲಿ ವಸಂತ ಬಂದಿದೆ!"

ಪೆ ತೌಂಗ ಅದನ್ನೂ ಗಮನಿಸುತ್ತಿದ್ದನೋ ಏನೋ. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಹುಟ್ಟು ಮಾಯವಾಯಿತು. ಸೇನ್ ಮೇ ಒಂದು ಕೈಯಲ್ಲಿ ಅದನ್ನು ಕಿತ್ತುಕೊಂಡು, ಇನ್ನೊಂದರಲ್ಲಿ ಗಂಡನನ್ನು ಆಚೆ ನೂಕಿದ್ದಳು.

"ಅಮ್ಮಾ! ಹೆಂಗಸರು ಕಲಕಿದ್ರೆ ನಿಮ್ಮ ಬಾಣಲೆ ಸ್ಪರ್ಧೆಯಿಂದ ಹೊರಗೆ!" ತೀರ್ಪುಗಾರ ಕೂಗಿದ.

"ಸ್ಪರ್ಧೆ ನೀವೇ ಇಟ್ಕೊಳಿ. ನನಗೆ ಅಕ್ಕಿ ಉಳಿದ್ರೆ ಸಾಕು. ಫೋ ಲೋನಾ, ಬೆಂಕಿ ಎಳೆ! ತಳ ಮುಟ್ಬೇಡ, ಕೆರೆದ್ರೆ ಸೀಕಲೆಲ್ಲ ಮೇಲೆ ಬರತ್ತೆ. ಮೇಲಿಂದು ಮಾತ್ರ ಎತ್ತಿ ಆ ಹುರಿಯೋ ಬಾಣಲೆಗೆ ಹಾಕು. ಎತ್ತು!"

ಆಮೇಲಿನ ಅರ್ಧ ಗಂಟೆ ಪೆ ತೌಂಗ ಲುಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಪಕ್ಕ ನಿಂತು ನೋಡಿದ. ಹೆಂಡತಿ ಕಲಕುತ್ತಿದ್ದಳು. ಡೋಲು ನಿಂತದ್ದು ಅವಳಿಗೆ ಕೇಳಿಸಲಿಲ್ಲ. ಧ್ವನಿವರ್ಧಕದ ಕುಚೇಷ್ಟೆ ಕೇಳಿಸಲಿಲ್ಲ. ಬೇರೆ ಕೇರಿಗೆ ಬಹುಮಾನ ಹೋದಾಗ ಎದ್ದ ಕೇಕೆಯೂ ಕೇಳಿಸಲಿಲ್ಲ. ಎಣ್ಣೆ ಸಣ್ಣಗೆ ಚುರ್ ಎಂದದ್ದು ಮಾತ್ರ ಕೇಳಿಸಿತು. ಅದು ಎಂದ ಕಡೆಗೆ ಹುಟ್ಟು ತಾನಾಗಿ ತಿರುಗಿತು. ಹಣೆಯ ಬೆವರು ಹುಬ್ಬಿಗೆ ಇಳಿದು ನಿಂತಿತ್ತು. ಒರೆಸಿಕೊಳ್ಳಲಿಲ್ಲ. ಹತ್ತು ದಿನ ಅವನು ಅಕ್ಕಪಕ್ಕದವರ ಮುಖದಲ್ಲಿ ಕದ್ದು ಕದ್ದು ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದ ಕಳೆಯೊಂದಿತ್ತಲ್ಲ, ಅದು ಅಲ್ಲಿತ್ತು, ಮುಖಕ್ಕೆ ಎಳ್ಳು ಅಂಟಿಸಿಕೊಂಡು.

ಎಲ್ಲ ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ. "ಕಲಕುವಾಗ ಮನಸ್ಸಲ್ಲಿ ಏನು ಹೇಳ್ಕೊತಿದ್ದೆ?"

"ಏನು ಹೇಳ್ಕೊಳೋದು?"

"ಏನೂ ಇಲ್ವಾ?"

"ತಳ ಹಿಡೀಬಾರ್ದು ಅಂತ."

"ಅಷ್ಟೇನಾ?"

"ಇನ್ನೇನಿರತ್ತೆ ಅಲ್ಲಿ? ಅಕ್ಕಿ ಇತ್ತು, ಬೆಂಕಿ ಇತ್ತು. ನೀವು ಮೊದಲು ಆ ಗಂಟು ಸರಿಯಾಗಿ ಕಟ್ಕೊಳಿ."

ಮರುದಿನ ಬೆಳಕು ಹರಿಯುವಾಗ ಗಂಡಹೆಂಡತಿ ಬಾಳೆಲೆಯ ಪೊಟ್ಟಣ ಹಿಡಿದು ಸಯಾಡೊ ಅವರ ಮುಂದೆ ಮಂಡಿಯೂರಿ ಕೂತರು. ಹಿಂದೆ ಕೇರಿಯ ಹೆಂಗಸರೆಲ್ಲ ಇದ್ದರು. ಬಾಣಲೆಯ ಅರ್ಧವಷ್ಟೇ ಉಳಿದಿತ್ತು. ಆ ಅರ್ಧಕ್ಕೆ ಹೊಗೆ ಹತ್ತಿದೆಯೇ ಇಲ್ಲವೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗುರುಗಳಿಗೆ ಒಪ್ಪಿಸುವ ಮೊದಲು ರುಚಿ ನೋಡುವಂತಿಲ್ಲವಲ್ಲ! ಗುರುಗಳು ಒಂದು ತುಂಡು ಬಾಯಿಗಿಟ್ಟರು. ಅಗಿದರು. ಸೇನ್ ಮೇಯ ಕಣ್ಣು ಅವರ ದವಡೆಗೆ ಅಂಟಿಕೊಂಡಿತು. ಗುರುಗಳು ಯಾವ ಅವಸರವೂ ಇಲ್ಲದೆ ನುಂಗಿದರು.

"ಇನ್ನೊಂದು ತುಂಡು ಇಡಮ್ಮ."

ಸೇನ್ ಮೇ ನಿನ್ನೆಯಿಂದ ಬಿಗಿಹಿಡಿದ ಉಸಿರನ್ನು ಬಿಟ್ಟಳು. ಹಿಂದೆ ಕೂತ ಹೆಂಗಸರೆಲ್ಲ ಒಟ್ಟಿಗೆ ಬಿಟ್ಟರು. ದೀಪವೊಂದು ಆರಿಹೋಯಿತು.

ಎರಡನೆಯ ತುಂಡನ್ನೂ ಮುಗಿಸಿ ಗುರುಗಳು ಪೆ ತೌಂಗನ ಕಡೆ ತಿರುಗಿದರು. "ಸಾಧನೆ ಹೇಗೆ ನಡೀತಿದೆ, ಉಪಾಸಕರೇ?"

ಪೆ ತೌಂಗ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಹುಟ್ಟು, ವಾಸನೆ, ಸೂರ್ಯಕಾಂತಿ, ಒಂದನ್ನೂ ಬಿಡಲಿಲ್ಲ.

"ಹೂಂ. ಲುಂಗಿ ಸಡಿಲವಾದಾಗ ಏನು ಮಾಡಿದ್ರಿ?"

"ಗಮನಿಸಿದೆ, ಗುರುಗಳೇ."

"ಆಮೇಲೆ?"

"ಜಾರಿತು. ಅದನ್ನೂ ಗಮನಿಸಿದೆ."

"ಆಮೇಲೆ?"

"ಪೂರ್ತಿ ಬಿತ್ತು. ಅದನ್ನು ಗಮನಿಸೋ ಹೊತ್ತಿಗೆ ಜನರೇ ಗಮನಿಸ್ತಿದ್ರು."

ಗುರುಗಳು ಬಹಳ ಹೊತ್ತು ಕಣ್ಣುಮುಚ್ಚಿ ಕೂತರು. ಭುಜ ಮಾತ್ರ ಸ್ವಲ್ಪ ಅಲುಗುತ್ತಿತ್ತು. ಕಣ್ಣು ತೆರೆದಾಗ ಕೊನೆಯಲ್ಲಿ ಒಂದು ಹನಿ ನೀರಿತ್ತು.

"ನಲವತ್ತು ವರ್ಷದಿಂದ ಕಲಿಸ್ತಿದ್ದೀನಿ. ಸಾವಿರಾರು ಜನ ಬಂದು ಹೋಗಿದ್ದಾರೆ. ಗಮನಿಸಿದ ಮೇಲೆ ಕಟ್ಕೋಬೇಕು ಅಂತ ಬಾಯಿಬಿಟ್ಟು ಹೇಳಬೇಕಾಗತ್ತೆ ಅಂತ ನನಗೆ ಇವತ್ತಿನವರೆಗೂ ಹೊಳೆದಿರಲಿಲ್ಲ!"

ಈಗ ಆ ಕೇಂದ್ರದಲ್ಲಿ ಹೊಸಬರಿಗೆ ಓದಿ ಹೇಳುವ ನಿಯಮಗಳ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗಿದೆ. ಅದು ಯಾಕೆ ಬಂತು ಎಂದು ಯಾರಾದರೂ ಕೇಳಿದರೆ ಗುರುಗಳು ಮೌನ ವಹಿಸುತ್ತಾರೆ. ಹುಣಸೆಮರದ ಕೇರಿಗೆ ಬಂದು ಕೇಳಿದರೆ ಸೇನ್ ಮೇ ಚಾಪೆ ಹಾಸಿ, ಟೀ ಕೊಟ್ಟು, ಒಂದು ವಿವರವನ್ನೂ ಬಿಡದೆ, ಬಹಳ ನಿಧಾನವಾಗಿ ಹೇಳುತ್ತಾಳೆ.