ದೊಡ್ಡಪ್ಪನ ಇದ್ದಿಲು, ದೊಡ್ಡಮ್ಮನ ಕುಂಕುಮ

ರಾಯದುರ್ಗದಲ್ಲಿ ಗಂಡಂದಿರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಅವರ ಹೆಂಡಿರ ಕುಂಕುಮ ಅಳಿಸಿದ ಕೀರ್ತಿ ಯಾರಿಗಾದರೂ ಸಲ್ಲುವುದಾದರೆ ಅದು ನಮ್ಮ ದೊಡ್ಡಪ್ಪನಿಗೇ! ಗಾಬರಿಯಾಗಬೇಡಿ. ಅವರ ಕೈಯಲ್ಲಿದ್ದದ್ದು ಬರೀ ಇದ್ದಿಲ ತುಂಡು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಮಾತು. ಆಗ ನಮ್ಮೂರು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತರಾದ ದೊಡ್ಡಪ್ಪ ಹರೆಯದಲ್ಲಿ ಮದ್ರಾಸಿಗೆ ಹೋಗಿ ಯಾವನೋ ಇಂಗ್ಲಿಷ್ ದೊರೆಯ ಹತ್ತಿರ ಚಿತ್ರ ಕಲಿತು ಬಂದಿದ್ದರು. ಇದ್ದಿಲ ಕಪ್ಪು, ಕಾಗದದ ಬಿಳುಪು ಬಿಟ್ಟು ಮೂರನೆಯ ಬಣ್ಣ ಬಿದ್ದರೆ ಚಿತ್ರ ಕೆಟ್ಟಿತು ಎಂದಿದ್ದನಂತೆ ಆ ದೊರೆ. ಅದೇ ಇವರಿಗೆ ವೇದ. ಬರೆಯುತ್ತಿದ್ದದ್ದು ಹೆಂಗಸರನ್ನು ಮಾತ್ರ. ಗಂಡಸರ ಮುಖ ಕಚೇರಿಯಲ್ಲಿ ನೋಡಿ ನೋಡಿ ಸಾಕಾಗಿತ್ತಂತೆ!

ಮದ್ರಾಸಿನಲ್ಲಿ ತಪ್ಪು ಗೆರೆ ಅಳಿಸುವುದಕ್ಕೆ ಬ್ರೆಡ್ಡು. ರಾಯದುರ್ಗದಲ್ಲಿ ಎಲ್ಲಿಂದ ತರಬೇಕು? ಜೋಳದ ರೊಟ್ಟಿ ಉಜ್ಜಿದರು, ಕಾಗದ ಹರಿಯಿತು. ಮಡಕಶಿರದ ಬೀಗರು ಬಂದಾಗ ಅವರ ತಟ್ಟೆಯ ರಾಗಿ ಮುದ್ದೆಯನ್ನೇ ಚಿವುಟಿ ಉಜ್ಜಿದರು. ಚಿತ್ರದಾಕೆಗೆ ಗಡ್ಡ ಬಂತು!

ಆದರೆ ನಿಜವಾದ ಗಲಾಟೆ ಹಣೆಯದು. ಕುಂಕುಮ ಕೆಂಪು, ಕಪ್ಪು ಚುಕ್ಕೆ ಇಟ್ಟರೆ ಸುಳ್ಳಾಗುತ್ತದೆಂದು ದೊಡ್ಡಪ್ಪ ಹಣೆಯನ್ನು ಬೋಳಾಗಿಯೇ ಬಿಡುತ್ತಿದ್ದರು. ಪಕ್ಕದ ಮನೆಯಾಕೆ ತನ್ನ ಚಿತ್ರ ನೋಡಿ ಗೊಳೋ ಎಂದಳು. ಅವಳ ಗಂಡ ಓಡಿ ಬಂದ.

"ಏನ್ರಿ ಗುಮಾಸ್ತರ, ನಾನು ಇನ್ನಾ ಬದುಕೇನ್ರಿ!"

"ಹೌದ್ರಿ, ಕಾಣ್ತದ. ನಾ ಬರದದ್ದು ನಿಮ್ಮ ಚಿತ್ರ ಅಲ್ಲಲ್ಲ, ನಿಮಗ್ಯಾಕ ಸಿಟ್ಟು?"

ಆಕೆ ಒದ್ದೆ ಬೆರಳಿನಿಂದ ತಾನೇ ಕುಂಕುಮ ಒತ್ತಿದಳು. ಇದ್ದಿಲು ಕದಡಿ ಎಡಗಡೆಯ ಹುಬ್ಬು ಕಿವಿಯವರೆಗೆ ಹೋಯಿತು. ಮುತ್ತೈದೆತನ ಉಳಿಯಿತಲ್ಲ, ಆಕೆಗೆ ಅಷ್ಟೇ ಸಾಕಾಯಿತು.

ದೊಡ್ಡಮ್ಮ ಮಾತ್ರ ಹಾಗೆ ಮಾಡಲಿಲ್ಲ. ಅವರದೇ ಎಲ್ಲಕ್ಕಿಂತ ಚೆಂದದ ಚಿತ್ರ. ಒಳಮನೆಯ ಗೋಡೆಯ ಮೇಲಿತ್ತು. ವರ್ಷ ವರ್ಷವೂ ಯುಗಾದಿಯ ದಿನ ಕುಂಕುಮದ ಭರಣಿ ಹಿಡಿದು ಗಂಡನ ಮುಂದೆ ನಿಲ್ಲುತ್ತಿದ್ದರು.

"ಒಂದು ಬೊಟ್ಟು ಇಡ್ರಿ. ನೀವು ಇರೂವಾಗ ಇದೇನು ಬೋಳು ಹಣಿ?"

"ಚಿತ್ರ ಕೆಡ್ತದ."

"ನನ್ನ ಮನಸು ಕೆಡ್ತದಲ್ರಿ, ಅದಕ್ಕೇನು?"

"ಅಷ್ಟಿದ್ರ ನೀನ ಇಟ್ಕೋ."

"ನಾ ಯಾಕ ಇಟ್ಕೋಬೇಕು? ನೀವ ಇಡಬೇಕು."

ಇಬ್ಬರೂ ಜಗ್ಗಲಿಲ್ಲ. ಇಪ್ಪತ್ತು ಯುಗಾದಿ ಕಳೆದವು.

ಎರಡು ತಿಂಗಳು ಹಾಸಿಗೆ ಹಿಡಿದು ದೊಡ್ಡಪ್ಪ ಹೋದರು. ಹತ್ತನೆಯ ದಿನ ಮನೆಯ ಹಿರಿಯ ಹೆಂಗಸರು ದೊಡ್ಡಮ್ಮನನ್ನು ಒಳಮನೆಯಲ್ಲಿ ಕೂರಿಸಿ ಹಣೆ ಒರೆಸಿದರು. ನನಗೆ ನೋಡಲಾಗಲಿಲ್ಲ. ಮುಖ ತಿರುಗಿಸಿದೆ. ಗೋಡೆಯ ಮೇಲಿನ ಚಿತ್ರದ ಹಣೆಯಲ್ಲಿ ಕೆಂಪಗೆ ಕುಂಕುಮ! ಹೆಬ್ಬೆರಳಿನಗಲದ ಬೊಟ್ಟು, ಕೈ ನಡುಗಿ ಒಂದು ಹುಬ್ಬು ಕದಡಿಹೋಗಿತ್ತು.

ನನ್ನ ಕಣ್ಣು ಹೋದತ್ತ ಒಬ್ಬ ಅಜ್ಜಿಯ ಕಣ್ಣೂ ಹೋಯಿತು. "ಅಯ್ಯ, ಅದನ್ನೂ ಒರಸ್ರೆವ್ವ" ಎನ್ನುತ್ತಾ ಒದ್ದೆ ಬಟ್ಟೆ ಹಿಡಿದು ಗೋಡೆಯ ಹತ್ತಿರ ಹೋದಳು.

ದೊಡ್ಡಮ್ಮ ಎದ್ದು ಚಿತ್ರಕ್ಕೆ ಅಡ್ಡ ನಿಂತರು.

"ನಂದು ಒರಸೀರಿ, ಆತಲ್ಲ. ಅದಕ್ಕ ಕೈ ಹಚ್ಚಬ್ಯಾಡ್ರಿ. ಅದು ಅವರು ಇಟ್ಟದ್ದು."