‘ಫ್ರೆಂಚ್’ ಪದಕ್ಕೆ ಐದು ಚೀಟಿ

“ಐದು ದಿನ, ಐದು ಅರ್ಥ! ಸೋಮವಾರ ಬೆಳಿಗ್ಗೆ ನಿಮ್ಮ ಮೇಜಿನ ಮೇಲಿರುತ್ತೆ ಸಾರ್” ಎಂದು ಚೀಟಿರಾಯರು ಎದೆ ಸೆಟೆಸಿ ಸಂಪಾದಕರಿಗೆ ಮಾತು ಕೊಟ್ಟುಬಿಟ್ಟರು. ಕೊಟ್ಟ ಮರುಕ್ಷಣವೇ ಬೆರಳು ಮಡಚಿ ದಿನ ಎಣಿಸತೊಡಗಿದರು, ಅದು ಬೇರೆ ವಿಷಯ.

ರಾಯರ ನೌಕರಿ ನಿಘಂಟು ಕಚೇರಿಯಲ್ಲಿ. ಜನ ಆಡುವ ಮಾತನ್ನು ಕೇಳಿ ಚೀಟಿಯಲ್ಲಿ ಬರೆದು ತರುವುದೇ ಕೆಲಸ, ಹೆಸರೂ ಅದರಿಂದಲೇ ಅಂಟಿಕೊಂಡದ್ದು. ಇಪ್ಪತ್ತೆರಡು ವರ್ಷದಿಂದ ಅವರು ಕಣ್ಣಿಟ್ಟಿದ್ದ ಉಪಸಂಪಾದಕರ ಕುರ್ಚಿ ಈಗ ಖಾಲಿಯಾಗಿತ್ತು. ‘ಫ’ ಅಕ್ಷರ ಸೋಮವಾರ ಅಚ್ಚಿಗೆ ಹೋಗಬೇಕು. ‘ಫ್ರೆಂಚ್’ ಪದದ ಐದೂ ಅರ್ಥಕ್ಕೆ ಚೀಟಿ ತಂದರೆ ಕುರ್ಚಿ ರಾಯರಿಗೆ. ಇಲ್ಲದಿದ್ದರೆ ಪಕ್ಕದ ಮೇಜಿನ ಕನ್ನಡಕದವನಿಗೆ.

ಐದು ಚೀಟಿ ಏನು ಮಹಾ ಅನ್ನುತ್ತೀರಾ? ಆ ಕಚೇರಿಯ ನಿಯಮ ನಿಮಗೆ ಗೊತ್ತಿಲ್ಲ, ಪಾಪ. ಪದ ಜನರ ಬಾಯಿಂದ ತಾನಾಗಿಯೇ ಬರಬೇಕು. ನಾವು ಆ ಪದ ಉಸುರಬಾರದು, ಹೇಳಿಸಬಾರದು. ಬಂದದ್ದನ್ನು ಇದ್ದ ಹಾಗೇ ಬರೆದು, ಕೆಳಗೆ ಆಡಿದವರ ಕಸುಬು ನಮೂದಿಸಿ, ರುಜು ಹಾಕಿಸಬೇಕು. ಭಾಷೆ ಅನ್ನುವ ಅರ್ಥ, ಆ ನಾಡಿನ ಜನ ಅನ್ನುವ ಅರ್ಥ, ಎರಡೂ ಮೊದಲ ದಿನವೇ ಹೋಟೆಲಿನ ಮ್ಯಾನೇಜರ್ ಬಾಯಲ್ಲಿ ಸಿಕ್ಕವು. ಉಳಿದದ್ದು ಆ ಪದ ಅಂಟಿಕೊಂಡ ಮೂರು ವಸ್ತು: ಗಡ್ಡ, ಪಾಲಿಷ್, ಕಿಟಕಿ. ಹೆಂಡತಿ ಗಣಿತದ ಟೀಚರ್. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಹೊತ್ತುಕೊಂಡು ಅಕ್ಕನ ಮನೆಗೆ ಹೋಗಿದ್ದರು. ಮನೆ ಖಾಲಿ, ಹೇಳುವವರಿಲ್ಲ, ಕೇಳುವವರಿಲ್ಲ!

ಗುರುವಾರ ರಾಯರು ತಮ್ಮ ಇಪ್ಪತ್ತು ವರ್ಷದ ತುಂಬುಗಡ್ಡವನ್ನು ಕ್ಷೌರಿಕನ ಮುಂದೆ ಒಡ್ಡಿದರು. ಕೆನ್ನೆ ಎರಡೂ ನುಣ್ಣಗೆ ಇರಬೇಕು, ಮೀಸೆ ಬಾಯಿಯ ಎರಡೂ ಕಡೆ ಇಳಿದು ಗಲ್ಲದ ಕೂದಲನ್ನು ಸೇರಬೇಕು ಎಂದು ಕೈಯಲ್ಲೇ ಚಿತ್ರ ಬರೆದು ತೋರಿಸಿ, ಕಿವಿ ನಿಮಿರಿಸಿ ಕೂತರು. ಕ್ಷೌರಿಕ ಕತ್ತರಿ ಆಡಿಸುತ್ತಾ, “ಹೋತದ ಗಡ್ಡ ಅನ್ನಿ ಸಾರ್, ಅದಕ್ಯಾಕೆ ಇಷ್ಟು ಸುತ್ತಾಡ್ತೀರಿ?” ಅಂದ. ಗಡ್ಡ ಹೋಯಿತು, ಪದ ಬರಲಿಲ್ಲ.

ಶುಕ್ರವಾರ ಬಡಗಿ ಬಂದ. ಊಟದ ಮೇಜಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ, ಬೆಳಗಿನಿಂದ ಸಂಜೆಯವರೆಗೆ ತಿಕ್ಕಿದ. ರಾಯರು ಬಾಲದ ಹಾಗೆ ಅವನ ಹಿಂದೆಯೇ ಸುತ್ತಿದರು. ಅವನು ತನ್ನ ಮಂಡಿನೋವಿನ ಬಗ್ಗೆ ಹೇಳಿದ, ಸೋಮಾರಿ ಅಳಿಯನ ಬಗ್ಗೆ ಹೇಳಿದ, ಅಳಿಯನ ತಾಯಿಯ ಬಗ್ಗೆಯಂತೂ ಒಂದು ಪುರಾಣವನ್ನೇ ಹೇಳಿದ. ಆ ಒಂದು ಪದ ಬಿಟ್ಟು ನಿಘಂಟಿನ ಮಿಕ್ಕೆಲ್ಲ ಪದಗಳೂ ಬಂದವು. ಹೊರಡುವಾಗ, ಕೈ ಪಾಲಿಷ್ ಸಾರ್, ಒಣಗೋಕೆ ಮೂರು ದಿನ ಬೇಕು, ಏನೂ ಇಡಬೇಡಿ ಎಂದು ಎಚ್ಚರಿಸಿ ಹೋದ.

ಶನಿವಾರ ರಾಯರಿಗೆ ಹಟ ತಲೆಗೇರಿತು. ಗಾರೆ ಮೇಸ್ತ್ರಿಯನ್ನು ಕರೆಸಿ, ನಡುಮನೆಯ ಕಿಟಕಿಯನ್ನು ನೆಲದವರೆಗೂ ಇಳಿಸಬೇಕು, ಎರಡು ಗಾಜಿನ ರೆಕ್ಕೆ ಇರಬೇಕು, ತೆರೆದರೆ ಹಿತ್ತಿಲಿಗೆ ನಡೆದುಹೋಗಬೇಕು ಅಂದರು.

“ಅದಕ್ಕೆ ಬಾಗಿಲು ಅಂತಾರೆ ಸಾರ್.”

“ಬಾಗಿಲಲ್ಲಪ್ಪಾ, ಕಿಟಕಿ.”

“ನಡೆದು ಹೋಗ್ತೀರಾ, ಇಲ್ವಾ?”

“ಹೋಗ್ತೀನಿ.”

“ಮತ್ತೆ? ಬಾಗಿಲೇ.”

ಕೆಲಸ ನಡೀತಾ ನಡೀತಾ ಪದ ತಾನೇ ಬಂದೀತು ಎಂದು ರಾಯರು ಹೂಂ ಅಂದರು. ಮೇಸ್ತ್ರಿ ಗೋಡೆ ಒಡೆದ, ಧೂಳೆಬ್ಬಿಸಿದ, ಚೌಕಟ್ಟು ಬುಧವಾರ ಬರುತ್ತೆ ಎಂದು ಹೇಳಿ ಹೊರಟೇಹೋದ. ಆ ದೊಡ್ಡ ತೂತಿನೊಳಗಿಂದ ಬೀದಿನಾಯಿಯೊಂದು ಗತ್ತಿನಿಂದ ನಡೆದುಬಂದು ಸೋಫಾದ ಕೆಳಗೆ ಮಲಗಿತು. ರಾಯರು ಖಾಲಿ ಚೀಟಿಗಳನ್ನು ನೋಡುತ್ತಾ ಕೂತರು, ನಿಜವಾಗಿಯೂ ಅಳು ಬಂತು.

ಭಾನುವಾರ ಮಧ್ಯಾಹ್ನ ಹೆಂಡತಿ ಬಂದರು. ಬಂದವರೇ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ದೊಪ್ಪೆಂದು ಇಟ್ಟರು. ರಾಯರು ಬೇಡ ಬೇಡ ಅನ್ನುವಷ್ಟರಲ್ಲಿ ಆಗಿಹೋಗಿತ್ತು. ಆಕೆ ಗಂಡನ ಮುಖ ನೋಡಿದರು, ಗೋಡೆ ನೋಡಿದರು, ನಾಯಿ ನೋಡಿದರು. ಕಟ್ಟು ಎತ್ತಿದರೆ ಅಡಿಯ ಪತ್ರಿಕೆ ಪರ್ರೆಂದು ಹರಿದು ಮೇಜಿಗೇ ಉಳಿಯಿತು.

“ಮುಖಕ್ಕೆ ಫ್ರೆಂಚ್ ಗಡ್ಡ, ಮೇಜಿಗೆ ಫ್ರೆಂಚ್ ಪಾಲಿಷ್, ಗೋಡೆಗೆ ಫ್ರೆಂಚ್ ಕಿಟಕಿ! ನಾಲ್ಕು ದಿನ ಮನೆ ಬಿಟ್ಟರೆ ಹೀಗಾ? ನಿಮ್ಮಂಥ ಬುದ್ಧಿಗೇಡಿ ಗಂಡ ಲೋಕದಲ್ಲಿ ಇನ್ನೊಬ್ಬ ಇದ್ದಾನೇನ್ರೀ?”

ರಾಯರ ಮುಖ ಅರಳಿತು. ಜೇಬಿನಿಂದ ಚೀಟಿ ಎಳೆದು, “ಸ್ವಲ್ಪ ನಿಧಾನ ಕಣೇ, ಮೇಜಿಗೆ ಏನಂದೆ?” ಎಂದು ಗೀಚತೊಡಗಿದರು.

ಆಕೆಗೆ ಗಂಡನ ತಲೆ ಕೆಟ್ಟಿತೆಂದೇ ಅನ್ನಿಸಿತು. ರಾಯರು ಎಲ್ಲವನ್ನೂ ಬಿಡಿಸಿ ಹೇಳಿದರು, ಕುರ್ಚಿಯ ಮಾತನ್ನಂತೂ ಎರಡೆರಡು ಸಲ ಹೇಳಿದರು. ಹೆಂಡತಿಯ ಕೋಪ ಅರ್ಧ ಇಳಿಯಿತು. ರುಜು ಹಾಕಲು ಪೆನ್ನು ತೆಗೆದು, ರೂಢಿಯಂತೆ ಮೊದಲು ಓದಿದರು. ವಾಕ್ಯ ‘ಕಿಟಕಿ’ಗೇ ಮುಗಿದಿತ್ತು.

“ಉಳಿದದ್ದೆಲ್ಲಿ?”

“ಅದಕ್ಕೂ ಈ ಪದಕ್ಕೂ ಸಂಬಂಧ ಇಲ್ಲ ಕಣೇ.”

“ಇದ್ದ ಹಾಗೇ ಬರೀಬೇಕು ಅಂದ್ರಲ್ಲ? ಅರ್ಧ ಉತ್ತರಕ್ಕೆ ನಾನು ರುಜು ಹಾಕಲ್ಲ.”

ರಾಯರು ಹಲ್ಲು ಕಚ್ಚಿ ಪೂರ್ತಿ ಬರೆದರು, ಅದೂ ಮೂರು ಚೀಟಿಯಲ್ಲಿ ಮೂರು ಸಲ. ‘ಗೇಡಿ’ಯಲ್ಲಿ ದೀರ್ಘ ಬಿಟ್ಟಿದ್ದನ್ನು ಟೀಚರ್ ತಿದ್ದಿಕೊಟ್ಟರು.

ಸೋಮವಾರ ಸಂಪಾದಕರು ಚೀಟಿಯನ್ನು ಗಟ್ಟಿಯಾಗಿ ಓದಿದರು. ಕನ್ನಡಕದವನು ಕರ್ಚೀಫು ಬಾಯಿಗೆ ತುರುಕಿಕೊಂಡು ಹೊರಗೋಡಿದ. ಸಂಪಾದಕರು ಎದ್ದುನಿಂತು ರಾಯರ ಕೈ ಕುಲುಕಿದರು, ಕುರ್ಚಿ ತೋರಿಸಿದರು. ಇಪ್ಪತ್ತೆರಡು ವರ್ಷದ ಆಸೆ! ರಾಯರು ಕಣ್ಣು ಮುಚ್ಚಿ ಮೆಲ್ಲಗೆ ಕೂತರು.

“ಇನ್ನು ಮುಂದಿನ ಅಕ್ಷರ ‘ಬ’” ಅಂದರು ಸಂಪಾದಕರು. “‘ಬುದ್ಧಿಗೇಡಿ’ ಪದ ನೀವೇ ನೋಡಿಕೊಳ್ಳಿ ರಾಯರೇ. ಉದಾಹರಣೆ ಹುಡುಕಿಕೊಂಡು ಹೊರಗೆಲ್ಲೂ ಅಲೆಯಬೇಕಾಗಿಲ್ಲ.”